ಹಾಸ್ಟೆಲ್ ಕೋಣೆಗೆ ಇಯರ್‌ಫೋನ್: ಎರಡು ಸಾವಿರದೊಳಗೆ ಚೆಂಡೆ, ಮದ್ದಳೆ, ಮಾತು ಎಲ್ಲವೂ ಸರಿಯಾಗಿ ಕೇಳಬೇಕೆಂದರೆ

ಹಾಸ್ಟೆಲಿಗೆಂದು ಇಯರ್‌ಫೋನ್ ಕೊಳ್ಳುವವರು ಮೊದಲು ನೋಡಬೇಕಾದದ್ದು ತಾವಿರುವ ಕೋಣೆಯನ್ನು. ಮೂರು ಮಂಚ, ತಲೆಯ ಮೇಲೆ ಹಗಲು ರಾತ್ರಿ ತಿರುಗುವ ಫ್ಯಾನು, ಹನ್ನೊಂದು ಗಂಟೆಯಾದರೂ ಕಾರಿಡಾರಿನಲ್ಲಿ ಮುಗಿಯದ ಮಾತು, ಜೂನ್ ಬಂತೆಂದರೆ ತಗಡಿನ ಮಾಡಿನ ಮೇಲೆ ಸುರಿಯುವ ಮಳೆ, ಗೋಡೆಯಲ್ಲಿ ಮಂಚಕ್ಕೊಂದೇ ಪ್ಲಗ್ಗು. ಯಾವುದನ್ನು ಕೊಳ್ಳಬೇಕು ಎಂಬುದನ್ನು ತೀರ್ಮಾನಿಸಬೇಕಾದವು ಇವು. ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ಅಂಕಿಗಳ ಸರದಿ ಆಮೇಲೆ.

ನಾನು ಪುತ್ತೂರು ಕಡೆಯವಳು, ಮಂಗಳೂರಿನಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ನಾನು ಕೇಳುವುದರಲ್ಲಿ ಮುಕ್ಕಾಲು ಪಾಲು ಯಕ್ಷಗಾನ ಮತ್ತು ತಾಳಮದ್ದಳೆಯ (ವೇಷ, ಕುಣಿತವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಆಟ) ಧ್ವನಿಮುದ್ರಣಗಳು, ಉಳಿದದ್ದು ಪಾಠದ ವಿಡಿಯೊಗಳು. ಬೇಸಿಗೆಯ ಕೊನೆಗೆ, ಮೇ ತಿಂಗಳಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ನಡುವಿನ ಮಳೆಗಾಲದಲ್ಲಿ ಬಯಲಾಟವಿಲ್ಲ, ಆಗ ಇಯರ್‌ಫೋನೇ ಗತಿ. ಹೊಸದಾಗಿ ಹಾಸ್ಟೆಲಿಗೆ ಸೇರಿದವರು ಪ್ರತಿ ವರ್ಷವೂ ಇದೇ ಪ್ರಶ್ನೆ ಹಿಡಿದುಕೊಂಡು ನನ್ನ ಕೋಣೆಗೆ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎರಡು ಸಾವಿರ ರೂಪಾಯಿಯೊಳಗೆ, ಕಿವಿಯೊಳಗೆ ಕೂರುವ, ತಂತಿಯಿರುವ ಇಯರ್‌ಫೋನ್ ಒಂದನ್ನು ತೆಗೆದುಕೊಳ್ಳಿ. ಅದು ನಿಮ್ಮ ಕಿವಿಯಲ್ಲಿ ಸರಿಯಾಗಿ ಕೂರುವಂತೆ ಮಾಡಿಕೊಳ್ಳಲು ಒಂದು ಸಂಜೆಯನ್ನು ಮೀಸಲಿಡಿ. ಆ ಸಂಜೆಯಿಂದ ಸಿಗುವಷ್ಟು ಲಾಭ ಇನ್ನೂ ಐದು ಸಾವಿರ ಸೇರಿಸಿ ಕೊಟ್ಟರೂ ಸಿಗುವುದಿಲ್ಲ.

ಕಿವಿಯೊಳಗೆ ಕೂರುವುದೇ ಏಕೆ?

ಕಿವಿಯ ಹೊರಗೆ ತೂಗಿಕೊಂಡಿರುವ ಹಳೆಯ ಮಾದರಿಯ ಇಯರ್‌ಬಡ್‌ಗಳು ಮತ್ತು ಹಿಂಬದಿ ತೆರೆದಿರುವ ಹೆಡ್‌ಫೋನ್‌ಗಳು ಹೊರಗಿನ ಸದ್ದನ್ನು ತಡೆಯುವುದಿಲ್ಲ, ಒಳಗಿನ ಸದ್ದನ್ನು ಹಿಡಿದಿಡುವುದೂ ಇಲ್ಲ. 1984ರಿಂದ ತಯಾರಾಗುತ್ತಿರುವ ಕಾಸ್ ಪೋರ್ಟಾ ಪ್ರೊ ಹೆಡ್‌ಫೋನನ್ನು ಇಂದಿಗೂ ಹಲವರು ಮೆಚ್ಚುತ್ತಾರೆ, ಅದರ ನಾದ ನನಗೂ ಇಷ್ಟ. ಆದರೆ ಅದನ್ನು ಹಾಕಿಕೊಂಡು ರಾತ್ರಿ ಆಟ ಕೇಳಿದರೆ ಪಕ್ಕದ ಮಂಚದವಳಿಗೆ ಚಕ್ರತಾಳ (ಚೆಂಡೆಯ ಜೊತೆ ಬಾರಿಸುವ ದೊಡ್ಡ ತಾಳ) ಪೂರ್ತಿ ಕೇಳಿಸುತ್ತದೆ. ನಾಳೆ ಪರೀಕ್ಷೆ ಇರುವವರ ನಿದ್ದೆ ಕೆಡಿಸುವ ಹಕ್ಕು ಯಾರಿಗೂ ಇಲ್ಲ. ಸ್ವಂತ ಕೋಣೆ ಇರುವವರು ಅಂಥದ್ದನ್ನು ಕೊಳ್ಳಲಿ.

ಇನ್ನೊಂದು ಕಾರಣ ಕಿವಿಯ ಆರೋಗ್ಯ, ನನಗೆ ಹೆಚ್ಚು ಮುಖ್ಯವಾದದ್ದು ಇದೇ. ಸುತ್ತಲಿನ ಗದ್ದಲ ಒಳಗೆ ಬರುತ್ತಿದ್ದರೆ ನಾವು ನಮಗೇ ತಿಳಿಯದಂತೆ ಸದ್ದನ್ನು ಏರಿಸುತ್ತಾ ಹೋಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಅದೇ 90 ಡೆಸಿಬಲ್ ಆದರೆ ವಾರಕ್ಕೆ ಬರೀ 4 ಗಂಟೆ. ಒಂದು ಇಡೀ ರಾತ್ರಿಯ ಪ್ರಸಂಗದ ಧ್ವನಿಮುದ್ರಣವೇ ಇದಕ್ಕಿಂತ ಉದ್ದ ಇರುತ್ತದೆ. ಮೂರು ಡೆಸಿಬಲ್ ಏರಿದಂತೆಲ್ಲ ಕೇಳಬಹುದಾದ ಅವಧಿ ಅರ್ಧಕ್ಕೆ ಇಳಿಯುತ್ತದೆ ಎಂಬ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಸರಿಯಾಗಿ ಮುಚ್ಚಿಕೊಂಡು ಕೂತ ಸಿಲಿಕೋನ್ ಟಿಪ್ (ಕಿವಿಯೊಳಗೆ ಹೋಗುವ ತುದಿಯ ಮೆತ್ತನೆಯ ಟೊಪ್ಪಿ) ಕಾರಿಡಾರಿನ ಮಾತನ್ನೂ ಮಳೆಯ ಸದ್ದನ್ನೂ ಬ್ಯಾಟರಿಯ ಹಂಗಿಲ್ಲದೆ ಸಾಕಷ್ಟು ತಗ್ಗಿಸುತ್ತದೆ. ಆಗ ಅರ್ಧ ವಾಲ್ಯೂಮಿನಲ್ಲೇ ಅರ್ಥಗಾರಿಕೆಯ, ಅಂದರೆ ಕಲಾವಿದರು ಆಡುವ ಮಾತಿನ, ಪ್ರತಿ ಅಕ್ಷರ ಕೇಳುತ್ತದೆ. ಕಿವಿಯೊಳಗೆ ಸದ್ದನ್ನು ಗ್ರಹಿಸುವ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಕೇಳುವ ಶಕ್ತಿಯನ್ನು ಕಳೆದುಕೊಳ್ಳುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಸದ್ದು ಅಳಿಸುವ ಎಎನ್‌ಸಿ ಇರುವುದನ್ನೇ ಕೊಳ್ಳಬಾರದೇ ಎಂದು ಕೇಳುತ್ತಾರೆ. ಎಎನ್‌ಸಿ ಚೆನ್ನಾಗಿ ಅಳಿಸುವುದು ಫ್ಯಾನು, ಬಸ್ಸಿನ ಎಂಜಿನ್ ಮೊದಲಾದ ಒಂದೇ ಸಮನೆ ಬರುವ ತಗ್ಗಿನ ಗುಂಯ್‌ಗುಡುವಿಕೆಯನ್ನು. ಮಾತು, ಬಾಗಿಲು ಬಡಿಯುವ ಸದ್ದು, ಬಟ್ಟಲು ಬೀಳುವ ಸದ್ದು ಇವುಗಳ ಮುಂದೆ ಅದರ ಆಟ ಹೆಚ್ಚು ನಡೆಯುವುದಿಲ್ಲ, ಅಲ್ಲಿ ಕೆಲಸ ಮಾಡುವುದು ಟಿಪ್ಪೇ. ಕಡಿಮೆ ಬೆಲೆಯ ಎಎನ್‌ಸಿಗೆ ಕೊಡುವ ಹಣವನ್ನು ಒಳ್ಳೆಯ ಟಿಪ್‌ಗಳ ಒಂದು ಜೊತೆಗೆ ಕೊಡಿ.

ತಂತಿಯೋ, ಬ್ಲೂಟೂತೋ?

ಬ್ಲೂಟೂತ್ ಅನುಕೂಲ ಎಂಬುದನ್ನು ನಾನು ಒಪ್ಪುತ್ತೇನೆ. ಬಟ್ಟೆ ಒಗೆಯುವಾಗ, ಕೋಣೆ ಗುಡಿಸುವಾಗ ತಂತಿ ಅಡ್ಡ ಬರುತ್ತದೆ. ಆದರೂ ಒಂದನ್ನೇ ಕೊಳ್ಳಲು ಹಣವಿದ್ದರೆ ತಂತಿಯದ್ದನ್ನೇ ಕೊಳ್ಳಿ ಎನ್ನುತ್ತೇನೆ. ಬ್ಲೂಟೂತ್ ಬಡ್‌ಗಳ ಒಳಗಿರುವ ಲಿಥಿಯಂ ಕೋಶ ಕಿರುಬೆರಳಿನ ಉಗುರಿನಷ್ಟು. ಎರಡು ಮೂರು ವರ್ಷದಲ್ಲಿ ಅದರ ಶಕ್ತಿ ಕುಂದುತ್ತದೆ, ಬದಲಿಸಲು ಬಹುಪಾಲು ಮಾದರಿಗಳಲ್ಲಿ ದಾರಿಯೇ ಇಲ್ಲ. ಪದವಿ ಮುಗಿಯುವ ಮೊದಲೇ ಇನ್ನೊಂದು ಕೊಳ್ಳಬೇಕಾಗುತ್ತದೆ. ಒಂದೇ ಪ್ಲಗ್ಗಿಗೆ ಫೋನು, ಲ್ಯಾಪ್‌ಟಾಪು, ಸೊಳ್ಳೆ ಓಡಿಸುವ ಯಂತ್ರ ಸಾಲು ನಿಂತಿರುವಾಗ ಚಾರ್ಜ್ ಮಾಡಬೇಕಾದ ಇನ್ನೊಂದು ವಸ್ತು ಬೇಕೇ ಎಂಬುದನ್ನೂ ಯೋಚಿಸಿ.

ಆನ್‌ಲೈನ್ ತರಗತಿ, ಸಂದರ್ಶನ ಇರುವವರಿಗೆ ಇನ್ನೊಂದು ತೊಡಕಿದೆ. ಲ್ಯಾಪ್‌ಟಾಪಿಗೆ ಬ್ಲೂಟೂತ್ ಇಯರ್‌ಫೋನ್ ಜೋಡಿಸಿ ಅದರ ಮೈಕನ್ನು ತೆರೆದ ಕೂಡಲೇ ಸಂಪರ್ಕ ಕರೆಯ ವಿಧಾನಕ್ಕೆ ಬದಲಾಗುತ್ತದೆ, ಕೇಳುತ್ತಿದ್ದ ಧ್ವನಿ ಹಳೆಯ ದೂರವಾಣಿಯ ಮಟ್ಟಕ್ಕೆ ಇಳಿಯುತ್ತದೆ. ಇಯರ್‌ಫೋನ್ ಕೆಟ್ಟಿದೆ ಎಂದುಕೊಂಡು ಅಂಗಡಿಗೆ ಓಡಬೇಡಿ. ಲ್ಯಾಪ್‌ಟಾಪಿನ ಸೆಟ್ಟಿಂಗ್ಸಿನಲ್ಲಿ ಮೈಕ್ ಆಗಿ ಲ್ಯಾಪ್‌ಟಾಪಿನ ಮೈಕನ್ನೇ ಆರಿಸಿದರೆ ಧ್ವನಿ ಮೊದಲಿನಂತಾಗುತ್ತದೆ.

ಇಷ್ಟಾದರೂ ಬ್ಲೂಟೂತೇ ಬೇಕೆಂದರೆ, ಹಾಸ್ಟೆಲಿಗೆ ಬಿಡಿಬಿಡಿ ಬಡ್‌ಗಳಿಗಿಂತ ಕುತ್ತಿಗೆಗೆ ಹಾಕಿಕೊಳ್ಳುವ ನೆಕ್‌ಬ್ಯಾಂಡ್ ಮೇಲು. ಬ್ಯಾಟರಿ ದೊಡ್ಡದು, ಒಂದು ಬಡ್ ಮಂಚದ ಕೆಳಗೆ ಉರುಳಿ ಕಾಣೆಯಾಗುವ ಭಯವಿಲ್ಲ. ಎಲ್‌ಡಿಎಸಿ, ಆಪ್ಟ್‌ಎಕ್ಸ್ ಎಂಬ ಕೊಡೆಕ್‌ಗಳ (ಧ್ವನಿಯನ್ನು ಕುಗ್ಗಿಸಿ ಬ್ಲೂಟೂತಿನಲ್ಲಿ ಕಳಿಸುವ ವಿಧಾನಗಳು) ಹೆಸರಿಗೆ ಹೆಚ್ಚು ಹಣ ಕೊಡಬೇಡಿ. ಎಲ್ಲ ಬ್ಲೂಟೂತ್ ಇಯರ್‌ಫೋನ್‌ಗಳಲ್ಲೂ ಇರುವ ಎಸ್‌ಬಿಸಿ ಕೊಡೆಕ್ ಸೆಕೆಂಡಿಗೆ ಸುಮಾರು 328 ಕಿಲೋಬಿಟ್‌ವರೆಗೆ ಸಾಗಿಸುತ್ತದೆ. ಮೈದಾನದಲ್ಲಿ ಒಂದೇ ಮೈಕಿನಿಂದ ಹಿಡಿದ ಬಯಲಾಟಕ್ಕೂ ಕ್ಯಾಸೆಟ್ಟಿನಿಂದ ಇಳಿಸಿದ ತಾಳಮದ್ದಳೆಗೂ ಅಷ್ಟು ಧಾರಾಳ ಸಾಕು.

ಪೆಟ್ಟಿಗೆಯ ಮೇಲಿನ ಅಂಕಿಗಳು

ಬಹುಪಾಲು ಅಂಕಿಗಳನ್ನು ಓದದೆಯೇ ಮುಂದೆ ಹೋಗಬಹುದು. 20ರಿಂದ 20,000 ಹರ್ಟ್ಸ್ ಎಂದು ಎಲ್ಲರೂ ಬರೆಯುತ್ತಾರೆ. ಆ ಎರಡು ತುದಿಗಳ ನಡುವೆ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂಬುದನ್ನು ಹೇಳದ ಕಾರಣ ಅದರಿಂದ ಏನೂ ತಿಳಿಯುವುದಿಲ್ಲ. ಹೈ-ರೆಸ್ ಎಂಬ ಚಿನ್ನದ ಬಣ್ಣದ ಚೀಟಿ 40,000 ಹರ್ಟ್ಸ್‌ವರೆಗಿನ ಮಾತನ್ನಾಡುತ್ತದೆ, ಮನುಷ್ಯನ ಕಿವಿ 20,000ಕ್ಕೇ ನಿಲ್ಲುತ್ತದೆ. ಒಳಗೆ ಸದ್ದು ಹುಟ್ಟಿಸುವ ಡ್ರೈವರ್ ದೊಡ್ಡದಿದ್ದರೆ ನಾದ ಒಳ್ಳೆಯದು ಎಂಬುದೂ ನಿಜವಲ್ಲ.

ನೋಡಬೇಕಾದದ್ದು ಎರಡೇ: ಇಂಪಿಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ, ಓಮ್‌ನಲ್ಲಿ) ಮತ್ತು ಸಂವೇದನಾಶೀಲತೆ (ಇಷ್ಟು ವಿದ್ಯುತ್ತಿಗೆ ಎಷ್ಟು ಜೋರು ಸದ್ದು ಎಂಬುದು). ಫೋನಿಗೆ 16ರಿಂದ 32 ಓಮ್‌ನದ್ದು ಸಲೀಸು. ಅಂತರ್ಜಾಲದಲ್ಲಿ ಹೊಗಳಿದರೆಂದು 250 ಓಮ್‌ನ ಸ್ಟುಡಿಯೊ ಹೆಡ್‌ಫೋನ್ ತಂದರೆ ಫೋನಿನ ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲುವುದಿಲ್ಲ, ಆಗ ಆಂಪ್ಲಿಫೈಯರ್ ಕೊಳ್ಳಬೇಕಾಗುತ್ತದೆ. ಸಂವೇದನಾಶೀಲತೆಯನ್ನು ಹೋಲಿಸುವಾಗ ಒಂದು ಎಚ್ಚರಿಕೆ ಬೇಕು. ಕೆಲವರು ಒಂದು ಮಿಲಿವ್ಯಾಟ್‌ಗೆ ಇಷ್ಟು ಡೆಸಿಬಲ್ ಎಂದು ಬರೆಯುತ್ತಾರೆ, ಕೆಲವರು ಒಂದು ವೋಲ್ಟ್‌ಗೆ ಇಷ್ಟು ಎಂದು. 32 ಓಮ್‌ನ ಒಂದೇ ಇಯರ್‌ಫೋನಿಗೆ ಈ ಎರಡು ಲೆಕ್ಕಗಳ ನಡುವೆ ಸುಮಾರು 15 ಡೆಸಿಬಲ್ ಅಂತರ ಬರುತ್ತದೆ. 105 ಮತ್ತು 119 ಎಂಬ ಎರಡು ಅಂಕಿ ನೋಡಿ ಎರಡನೆಯದೇ ಜೋರು ಎಂದುಕೊಳ್ಳುವ ಮೊದಲು ಅಳತೆ ಯಾವುದು ಎಂದು ನೋಡಿ.

ಯಾವುದು, ಎಷ್ಟಕ್ಕೆ?

ಒಂದು ಸಾವಿರದ ಒಳಗೆ ಕೆಝಡ್ ಕಂಪನಿಯ ಇಡಿಎಕ್ಸ್ ಪ್ರೊ ತರಹದವು ಸಿಗುತ್ತವೆ. ತಗ್ಗಿನ ನಾದವೂ ಮೇಲಿನ ನಾದವೂ ಎದ್ದು ನಿಂತಿರುತ್ತವೆ. ಸಿನಿಮಾ ಹಾಡಿಗೆ ಹುರುಪು ಕೊಡುತ್ತವೆ, ಚೆಂಡೆಯ ಪೆಟ್ಟು ಮಾತ್ರ ಸ್ವಲ್ಪ ಚುಚ್ಚುತ್ತದೆ. ಹಣ ಇಷ್ಟೇ ಇದ್ದರೆ ಧೈರ್ಯವಾಗಿ ಕೊಳ್ಳಿ, ಚುಚ್ಚುವುದನ್ನು ಈಕ್ವಲೈಜರಿನಿಂದ (ತಗ್ಗಿನ, ನಡುವಿನ, ಮೇಲಿನ ನಾದಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ) ತಗ್ಗಿಸಬಹುದು, ಅದನ್ನು ಮುಂದೆ ಹೇಳುತ್ತೇನೆ.

ಎರಡು ಸಾವಿರದ ಆಸುಪಾಸಿನಲ್ಲಿ ಮೂರು ಹೆಸರುಗಳನ್ನು ನಾನು ಮನಸ್ಸಿಟ್ಟು ಹೇಳುತ್ತೇನೆ: ಮೂನ್‌ಡ್ರಾಪ್ ಚು 2, ಟ್ಯಾಂಗ್‌ಝು ವಾನರ್, ಸೆವೆನ್‌ಹರ್ಟ್ಸ್ ಝೀರೊ 2. ಮೂರರಲ್ಲೂ ಒಂದೊಂದೇ 10 ಮಿಲಿಮೀಟರ್ ಡ್ರೈವರ್, ಮೂರರಲ್ಲೂ ತಂತಿಯನ್ನು ಕಳಚಬಹುದು. ಚು 2 ಲೋಹದ ಮೈಯದ್ದು, ಗಾತ್ರದಲ್ಲಿ ಚಿಕ್ಕದು, ಮೇಲಿನ ನಾದ ಸ್ಪಷ್ಟ. ಸಣ್ಣ ಕಿವಿಯವರಿಗೆ ಮೊದಲು ಇದನ್ನೇ ಹೇಳುತ್ತೇನೆ. ಝೀರೊ 2ರಲ್ಲಿ ತಗ್ಗಿನ ನಾದ ತುಂಬಿಕೊಂಡಿದೆ, ಮದ್ದಳೆಯ ಗುಂಕಾರ ಇಷ್ಟಪಡುವವರಿಗೆ, ಸಿನಿಮಾ ನೋಡುವವರಿಗೆ ಒಗ್ಗುತ್ತದೆ. ನಾನು ಬಳಸುವುದು ವಾನರ್. ಪ್ಲಾಸ್ಟಿಕ್ ಮೈ, ಹಗುರ, ಮಾತಿನ ಧ್ವನಿಗೆ ಒಂದು ಬೆಚ್ಚಗಿನ ತುಂಬುತನ ಕೊಡುತ್ತದೆ. ಮೂರು ಗಂಟೆ ಅರ್ಥಗಾರಿಕೆ ಕೇಳಿದರೂ ದಣಿವಾಗುವುದಿಲ್ಲ.

ತಂತಿ ಕಳಚುವಂತಿರಬೇಕು ಎಂಬುದರ ಬಗ್ಗೆ ನಾನು ಹಟ ಹಿಡಿಯುತ್ತೇನೆ. ತಂತಿಯ ಇಯರ್‌ಫೋನ್‌ನಲ್ಲಿ ಮೊದಲು ಸಾಯುವುದು ತಂತಿ, ಅದರಲ್ಲೂ ಜ್ಯಾಕಿನ ಬುಡ. ಕಳಚುವಂತಿದ್ದರೆ ಮುನ್ನೂರು ನಾನೂರು ರೂಪಾಯಿಯ ಹೊಸ ತಂತಿ ಹಾಕಿಕೊಂಡು ಮುಂದುವರಿಯಬಹುದು. ಈ ಮೂರಕ್ಕೂ ಬೇಕಾದದ್ದು 0.78 ಮಿಲಿಮೀಟರಿನ ಎರಡು ಕಡ್ಡಿಯ ತಂತಿ. ಕೆಝಡ್ ಮಾದರಿಗಳ ಕೂಡಿಕೆಯ ಆಕಾರ ಬೇರೆ, ಆರ್ಡರ್ ಮಾಡುವಾಗ ನೋಡಿಕೊಳ್ಳಿ. ಮೈಕ್ ಬೇಕಿದ್ದರೆ ಮೈಕ್ ಇರುವ ತಂತಿಯನ್ನೇ ಕೇಳಿ ತರಿಸಿ.

ಕಿವಿಯೊಳಗೆ ಏನನ್ನಾದರೂ ತುರುಕಿಕೊಳ್ಳುವುದು ಸಹಿಸದವರೂ ಇದ್ದಾರೆ. ಅವರಿಗೆ ಸೋನಿ ಎಂಡಿಆರ್-ಝಡ್‌ಎಕ್ಸ್110 ಮಾದರಿಯ, ಕಿವಿಯ ಮೇಲೆ ಕೂರುವ ಮುಚ್ಚಿದ ಹೆಡ್‌ಫೋನ್ ಅಗ್ಗ, ಹಗುರ, ಮಡಚಲೂ ಬರುತ್ತದೆ. ಕರಾವಳಿಯ ಬೇಸಿಗೆಯಲ್ಲಿ ಅದರ ಕೆಳಗೆ ಕಿವಿ ಬೆವರುತ್ತದೆ, ಕೃತಕ ಚರ್ಮದ ಮೆತ್ತೆ ಉಪ್ಪುಗಾಳಿಗೆ ಬೇಗ ಸಿಪ್ಪೆ ಬಿಡುತ್ತದೆ.

ಬೇರೆಯ ಡಿಎಸಿ (ಡಿಜಿಟಲ್ ಧ್ವನಿಯನ್ನು ಅನಲಾಗ್ ಮಾಡುವ) ಯಂತ್ರ, ಸಂಗೀತಕ್ಕೇ ಮೀಸಲಾದ ಪ್ಲೇಯರ್, ಬೆಳ್ಳಿ ತಂತಿ ಇವು ಯಾವುದೂ ವಿದ್ಯಾರ್ಥಿಗೆ ಬೇಡ.

ಫೋನಿನಲ್ಲಿ ತೂತೇ ಇಲ್ಲದಿದ್ದರೆ

ಈಗಿನ ಬಹಳಷ್ಟು ಫೋನುಗಳಲ್ಲಿ 3.5 ಮಿಲಿಮೀಟರ್ ಜ್ಯಾಕ್ ಇಲ್ಲ, ಚಾರ್ಜಿಂಗ್ ತೂತಿಗೆ ಸಿಕ್ಕಿಸಿ ಇಯರ್‌ಫೋನ್ ಜೋಡಿಸುವ ಡಾಂಗಲ್ ಬೇಕು. ನೂರು ರೂಪಾಯಿಗೆ ಸಿಗುವ ಡಾಂಗಲ್‌ಗಳಲ್ಲಿ ಹಲವು ಬರೀ ತಂತಿ, ಅವುಗಳ ಒಳಗೆ ಚಿಪ್ ಇರುವುದಿಲ್ಲ. ಫೋನು ತಾನೇ ಯುಎಸ್‌ಬಿ ತೂತಿನಿಂದ ಅನಲಾಗ್ ಧ್ವನಿಯನ್ನು ಕೊಡುವಂತಿದ್ದರೆ ಮಾತ್ರ ಅವು ಕೆಲಸ ಮಾಡುತ್ತವೆ. ಎಲ್ಲ ಫೋನಿಗೂ ಆಗುವುದು ಒಳಗೆ ಡಿಎಸಿ ಚಿಪ್ ಇರುವ ಡಾಂಗಲ್. ಅಂಗಡಿಯಲ್ಲಿ ಕೇಳುವಾಗ ‘ಡಿಎಸಿ ಇರುವುದು’ ಎಂದೇ ಹೇಳಿ, ನಿಮ್ಮ ಫೋನಿಗೆ ಹಾಕಿ ಕೇಳಿಯೇ ಹಣ ಕೊಡಿ. ಆಪಲ್‌ನ ಸಣ್ಣ ಡಾಂಗಲ್ ಸಾವಿರದ ಆಸುಪಾಸು, ನಾದ ತುಂಬಾ ಶುದ್ಧ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದರ ಸದ್ದು ಕಡಿಮೆ ಬರುತ್ತದೆ, ಮೇಲೆ ಹೇಳಿದ ಇಯರ್‌ಫೋನ್‌ಗಳಿಗೆ ಅಷ್ಟೂ ಸಾಕಾಗುವುದುಂಟು. ಒಪ್ಪೊ, ಒನ್‌ಪ್ಲಸ್ ಫೋನುಗಳಲ್ಲಿ ಡಾಂಗಲ್ ಹಾಕಿದರೂ ಏನೂ ಕೇಳದಿದ್ದರೆ ಸೆಟ್ಟಿಂಗ್ಸಿನಲ್ಲಿ ಒಟಿಜಿ ಎಂದು ಹುಡುಕಿ, ಅದನ್ನು ಆನ್ ಮಾಡಿ. ಡಾಂಗಲ್ ಸತ್ತಿದೆ ಎಂದು ಎಸೆಯಲು ಹೊರಟ ಒಬ್ಬಳ ಕೈಯಿಂದ ಹೀಗೆ ಉಳಿಸಿದ್ದು ಈಗಲೂ ನಡೆಯುತ್ತಿದೆ.

ಫೋನನ್ನೋ ಲ್ಯಾಪ್‌ಟಾಪನ್ನೋ ಚಾರ್ಜಿಗೆ ಹಾಕಿ ಲೋಹದ ಇಯರ್‌ಫೋನ್ ಕಿವಿಗಿಟ್ಟರೆ ಕಿವಿ ಜುಮುಜುಮು ಎನ್ನಬಹುದು, ಅಥವಾ ಹಿನ್ನೆಲೆಯಲ್ಲಿ ಗುಂಯ್ ಎಂಬ ಸದ್ದು ಕೇಳಬಹುದು. ಹಾಸ್ಟೆಲಿನ ಹಳೆಯ ಪ್ಲಗ್ಗುಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ, ಎರಡು ಕಡ್ಡಿಯ ಚಾರ್ಜರಿಗಂತೂ ಅರ್ಥ್ ಕಡ್ಡಿಯೇ ಇಲ್ಲ. ಚಾರ್ಜರಿನಿಂದ ಸೋರುವ ಅತಿ ಸಣ್ಣ ವಿದ್ಯುತ್ತು ನಿಮ್ಮ ಮೂಲಕ ದಾರಿ ಹುಡುಕುತ್ತದೆ. ಒಳ್ಳೆಯ ಚಾರ್ಜರಿನಲ್ಲಿ ಇದರಿಂದ ಅಪಾಯವಿಲ್ಲ, ಆದರೆ ಚಾರ್ಜರು ಎಂಥದ್ದು ಎಂಬುದು ಯಾರಿಗೆ ಗೊತ್ತು? ಕೇಳುವಾಗ ಚಾರ್ಜರ್ ತೆಗೆದಿಡಿ. ಮಳೆಗಾಲದಲ್ಲಿ ಗುಡುಗು ಮಿಂಚು ಇರುವಾಗಲಂತೂ ಇದನ್ನು ನಿಯಮವೆಂದೇ ಪಾಲಿಸಿ.

ಕೂರಿಸುವ ಸಂಜೆ

ಪೆಟ್ಟಿಗೆಯಲ್ಲಿ ಮೂರು ಗಾತ್ರದ ಟಿಪ್‌ಗಳಿರುತ್ತವೆ. ಬಹಳ ಜನ ಮೊದಲೇ ಹಾಕಿ ಬಂದಿರುವ ನಡುಗಾತ್ರದ್ದನ್ನೇ ವರ್ಷಾನುಗಟ್ಟಲೆ ಬಳಸುತ್ತಾರೆ. ಎರಡು ಕಿವಿಗಳ ಅಳತೆ ಒಂದೇ ಇರಬೇಕೆಂದಿಲ್ಲ. ನನ್ನ ಎಡಗಿವಿಗೆ ಸಣ್ಣದು, ಬಲಗಿವಿಗೆ ನಡುಗಾತ್ರದ್ದು.

ಹಾಕುವ ಕ್ರಮ ಹೀಗೆ. ತಂತಿ ಕಿವಿಯ ಮೇಲಿನಿಂದ ಸುತ್ತಿ ಹಿಂದಕ್ಕೆ ಬರಬೇಕು. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಹಾಳೆಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲನೆ ಎಳೆಯಿರಿ. ವಕ್ರವಾಗಿರುವ ಕಿವಿಯ ನಾಳ ಆಗ ನೆಟ್ಟಗಾಗುತ್ತದೆ. ಟಿಪ್ಪನ್ನು ಒಳಗಿಟ್ಟು, ಸ್ವಲ್ಪ ತಿರುಗಿಸಿ, ಹಾಳೆಯನ್ನು ಬಿಡಿ. ಸುತ್ತಲಿನ ಫ್ಯಾನಿನ ಸದ್ದು ಥಟ್ಟನೆ ದೂರ ಸರಿದಂತಾಗಬೇಕು. ಆಗದಿದ್ದರೆ ಗಾತ್ರ ಬದಲಿಸಿ. ನೋವಾದರೆ ಗಾತ್ರ ದೊಡ್ಡದಾಯಿತು ಎಂದರ್ಥ, ಸಹಿಸಿಕೊಳ್ಳಬೇಡಿ.

ಈಗ ಮದ್ದಳೆ ಚೆನ್ನಾಗಿ ಕೇಳುವ ಒಂದು ಪದ್ಯ ಹಾಕಿ, ಇಯರ್‌ಫೋನನ್ನು ಬೆರಳಿನಿಂದ ಮೆಲ್ಲನೆ ಒತ್ತಿ. ಒತ್ತಿದಾಗ ಮದ್ದಳೆಯ ತಗ್ಗಿನ ನಾದ ಹೆಚ್ಚಿತೇ? ಹಾಗಿದ್ದರೆ ಒತ್ತದೆ ಇದ್ದಾಗ ಎಲ್ಲೋ ಗಾಳಿ ಸೋರುತ್ತಿತ್ತು. ಒತ್ತಿದರೂ ಬಿಟ್ಟರೂ ಒಂದೇ ರೀತಿ ಕೇಳುವವರೆಗೆ ಟಿಪ್ ಬದಲಿಸುತ್ತಾ ಹೋಗಿ. ‘ಬೇಸ್ ಇಲ್ಲ’ ಎಂದು ದೂರುವವರ ಇಯರ್‌ಫೋನುಗಳಲ್ಲಿ ಹೆಚ್ಚಿನವಕ್ಕೆ ಬೇಸ್ ಇರುತ್ತದೆ, ಅದು ಕಿವಿಯ ಅಂಚಿನ ಸೀಳಿನಲ್ಲಿ ಹೊರಗೆ ಹೋಗುತ್ತಿರುತ್ತದೆ. ಪೆಟ್ಟಿಗೆಯ ಯಾವ ಗಾತ್ರವೂ ಸರಿಹೋಗದಿದ್ದರೆ ಬೇರೆ ಕಂಪನಿಯ ಸಿಲಿಕೋನ್ ಟಿಪ್‌ಗಳನ್ನು ತರಿಸಿ, ಟಿಪ್ ಕೂರುವ ನಳಿಕೆಯ ವ್ಯಾಸ ಹೊಂದುತ್ತದೆಯೇ ಎಂದು ಮೊದಲೇ ನೋಡಿ. ಫೋಮ್ ಟಿಪ್‌ಗಳು ಇನ್ನೂ ಚೆನ್ನಾಗಿ ಮುಚ್ಚುತ್ತವೆ, ಆದರೆ ನಮ್ಮ ಕಡೆಯ ಬೆವರಿಗೆ ಬೇಗ ಹಾಳಾಗುತ್ತವೆ, ಸಿಲಿಕೋನಿನ ಹಾಗೆ ತೊಳೆಯಲೂ ಬರುವುದಿಲ್ಲ.

ಮುಂದಿನ ಪರೀಕ್ಷೆಗೆ ಹಳೆಯ ತಾಳಮದ್ದಳೆ ಬೇಕು. ಹಳೆಯವು ಹೆಚ್ಚಾಗಿ ಮೋನೊ, ಎರಡೂ ಕಿವಿಗೆ ಒಂದೇ ಧ್ವನಿ. ಅರ್ಥಧಾರಿಯ ಮಾತು ತಲೆಯ ಸರಿಯಾದ ನಡುವಿನಿಂದ ಬರಬೇಕು. ಎಡಕ್ಕೆ ವಾಲಿತೆನ್ನಿ. ಮೊದಲು ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸಿನಲ್ಲಿ ಎಡ-ಬಲದ ಗೀಟು ನಡುವೆ ಇದೆಯೇ ನೋಡಿ. ಆಮೇಲೆ ಎರಡು ತುಂಡುಗಳನ್ನು ಅದಲುಬದಲು ಮಾಡಿ ಕಿವಿಗೆ ಹಿಡಿಯಿರಿ. ಆಕಾರ ಹೊಂದುವುದಿಲ್ಲ, ಕೈಯಲ್ಲೇ ಹಿಡಿದುಕೊಂಡರೆ ಸಾಕು. ಈಗಲೂ ಎಡಕ್ಕೇ ವಾಲಿದರೆ ಬಲಗಿವಿಯಲ್ಲಿ ಟಿಪ್ ಸರಿಯಾಗಿ ಕೂತಿಲ್ಲ, ಅಥವಾ ಆ ಕಿವಿಯಲ್ಲಿ ಗುಗ್ಗೆ ತುಂಬಿದೆ. ಧ್ವನಿ ಬಲಕ್ಕೆ ಹೊರಳಿದರೆ ದೋಷ ಇಯರ್‌ಫೋನಿನದ್ದೋ ತಂತಿಯದ್ದೋ. ತಂತಿ ಕಳಚಿ ಎಡಬಲ ಬದಲಿಸಿ ಸಿಕ್ಕಿಸಿದರೆ ಅದೂ ತೀರ್ಮಾನವಾಗುತ್ತದೆ. ಇದನ್ನು ಪಾರ್ಸೆಲ್ ಬಂದ ದಿನವೇ ಮಾಡಿ. ಕಿವಿಯೊಳಗೆ ಹಾಕುವ ವಸ್ತುವನ್ನು ‘ಇಷ್ಟವಾಗಲಿಲ್ಲ’ ಎಂದು ವಾಪಸು ಪಡೆಯುವವರು ಕಡಿಮೆ, ದೋಷವಿದ್ದರೆ ಬದಲಿಸಿ ಕೊಡುತ್ತಾರೆ, ಅದೂ ಕೆಲವೇ ದಿನಗಳ ಒಳಗೆ. ಬಿಲ್ಲನ್ನೂ ಪೆಟ್ಟಿಗೆ ಬಿಚ್ಚುವ ವಿಡಿಯೊವನ್ನೂ ಉಳಿಸಿಕೊಳ್ಳಿ.

ಕಡೆಯದು ಚೆಂಡೆ. ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿ) ಒಡ್ಡೋಲಗದ, ಅಂದರೆ ಪಾತ್ರಗಳು ರಂಗಕ್ಕೆ ಬರುವ ಸಂದರ್ಭದ, ಅಬ್ಬರ ಇರುವ ಭಾಗ ಹಾಕಿ. ಒಳ್ಳೆಯ ಇಯರ್‌ಫೋನಿನಲ್ಲಿ ಕೋಲು ಚರ್ಮಕ್ಕೆ ಬಡಿದ ಕ್ಷಣ ಬೇರೆ, ಅದರ ಹಿಂದೆ ಬರುವ ಚೆಂಡೆಯ ಒಡಲಿನ ನಾದ ಬೇರೆಯಾಗಿ ಕೇಳುತ್ತದೆ. ಒಂದು ಪೆಟ್ಟು ಇನ್ನೊಂದಕ್ಕೆ ಅಂಟುವುದಿಲ್ಲ. ಚಕ್ರತಾಳದ ಕೊನೆ ಛಿಸ್ ಎಂದು ಸಿಡಿಯದೆ ತೆಳ್ಳಗಾಗುತ್ತಾ ಕರಗುತ್ತದೆ. ಅದರ ಮೇಲೆ ಭಾಗವತರ ಏರುಶ್ರುತಿ ಎದ್ದು ನಿಲ್ಲಬೇಕು, ಚೆಂಡೆಯೊಳಗೆ ಮುಳುಗಬಾರದು. ಎರಡು ನಿಮಿಷಕ್ಕೇ ನೀವು ಕಣ್ಣು ಕಿರಿದು ಮಾಡಿಕೊಂಡರೆ ಆ ಇಯರ್‌ಫೋನಿನ ಮೇಲಿನ ನಾದ ಅತಿಯಾಗಿದೆ. ಕೊನೆಗೆ ಬರೀ ಸಂಭಾಷಣೆಯ ಭಾಗ ಕೇಳಿ. ಮಾತು ಕೊಡದೊಳಗಿಂದ ಬಂದಂತೆ ಗುಂಯ್ ಎಂದರೆ ತಗ್ಗಿನ ನಾದ ಅತಿಯಾಗಿದೆ. ಇಂಗ್ಲಿಷ್ ಪಾಪ್ ಹಾಡು ಹಾಕಿ ಪರೀಕ್ಷಿಸುವ ವಿಮರ್ಶಕರಿಗೆ ಇವೆರಡೂ ಗೊತ್ತಾಗುವ ಸಂಭವ ಕಡಿಮೆ. ನೀವು ದಿನಾ ಕೇಳುವುದನ್ನೇ ಹಾಕಿ ಕೇಳಿ. ಕರ್ನಾಟಕ ಸಂಗೀತ ಕೇಳುವವರು ತಂಬೂರಿಯ ಝೇಂಕಾರವನ್ನೂ ಪಿಟೀಲಿನ ಮೇಲಿನ ಸ್ಥಾಯಿಯನ್ನೂ ಇದೇ ರೀತಿ ನೋಡಬಹುದು.

ಹಣವಿಲ್ಲದೆ ತಿದ್ದುವುದು

ನಾನು ಎಲ್ಲರಿಗೂ ಒತ್ತಾಯ ಮಾಡಿ ಹಾಕಿಸುವುದು ಈಕ್ವಲೈಜರ್. ಆಂಡ್ರಾಯ್ಡಿನಲ್ಲಿ ವೇವ್‌ಲೆಟ್ ಎಂಬ ಆ್ಯಪ್ ಇದೆ. ಸಾವಿರಾರು ಮಾದರಿಗಳಿಗೆ ಅಳತೆ ಮಾಡಿಟ್ಟ ತಿದ್ದುಪಡಿಗಳು ಅದರಲ್ಲಿವೆ. ನಿಮ್ಮ ಇಯರ್‌ಫೋನಿನ ಹೆಸರು ಹುಡುಕಿ ಆನ್ ಮಾಡಿದರೆ ಮುಗಿಯಿತು. ವಿಂಡೋಸ್ ಲ್ಯಾಪ್‌ಟಾಪಿಗೆ ಈಕ್ವಲೈಜರ್ ಎಪಿಒ, ಲಿನಕ್ಸಿಗೆ ಈಸಿಎಫೆಕ್ಟ್ಸ್, ಎರಡೂ ಉಚಿತ.

ಕೈಯಾರೆ ತಿದ್ದುವುದೂ ಕಷ್ಟವಲ್ಲ. ಚೆಂಡೆ ಚುಚ್ಚುತ್ತಿದ್ದರೆ 4,000 ಹರ್ಟ್ಸ್ ಸುತ್ತಮುತ್ತ 3 ಡೆಸಿಬಲ್ ಇಳಿಸಿ. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವುದು 2,000ದಿಂದ 5,000 ಹರ್ಟ್ಸ್ ನಡುವೆ, ಹಾಗಾಗಿ ಅಲ್ಲಿನ ಸಣ್ಣ ಬದಲಾವಣೆಯೂ ದೊಡ್ಡದಾಗಿ ಕೇಳುತ್ತದೆ. ಚುಚ್ಚುವಿಕೆ ಇನ್ನೂ ಮೇಲೆ, ತಾಳದ ಸದ್ದಿನಲ್ಲಿದ್ದರೆ 8,000ದ ಬಳಿ ಇಳಿಸಿ ನೋಡಿ. ಬಯಲಾಟದ ಧ್ವನಿಮುದ್ರಣಗಳಲ್ಲಿ ರಂಗಸ್ಥಳದ ಹಲಗೆಯ ಮೇಲೆ ಕುಣಿದ ಹೆಜ್ಜೆಯ ಧಡಧಡ, ಧ್ವನಿವರ್ಧಕದ ತಂತಿಯ ಗುಂಯ್ ಎಲ್ಲ ಸೇರಿರುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದ್ದು, ಆ ಗುಂಯ್ ಕೂತಿರುವುದು 50 ಮತ್ತು 100ರಲ್ಲಿ. ಬರೀ ಮಾತಿರುವ ಭಾಗಕ್ಕೆ 100ರ ಕೆಳಗಿನದ್ದನ್ನು ಪೂರ್ತಿ ತಗ್ಗಿಸಿದರೆ ಅರ್ಥಗಾರಿಕೆ ಎಷ್ಟು ನಿಚ್ಚಳವಾಗುತ್ತದೆ ಎಂದರೆ, ಅದನ್ನು ಮೊದಲ ಬಾರಿ ಕೇಳಿದವರ ಮುಖ ನೋಡಲೆಂದೇ ನಾನು ಇದನ್ನು ಮಾಡಿ ತೋರಿಸುತ್ತೇನೆ. ಪಾಠದ ವಿಡಿಯೊಗೂ ಇದೇ ಉಪಾಯ, ಜೊತೆಗೆ 2,500ರ ಬಳಿ 2 ಡೆಸಿಬಲ್ ಏರಿಸಿ. ಏರಿಸುವಾಗ ಒಟ್ಟು ಮಟ್ಟವನ್ನು ಅಷ್ಟೇ ಇಳಿಸಿ, ಇಲ್ಲದಿದ್ದರೆ ಧ್ವನಿ ಒಡೆಯುತ್ತದೆ.

ರಾತ್ರಿ ಒಂದೇ ಕಿವಿಯಲ್ಲಿ ಕೇಳುವವರು ಆಕ್ಸೆಸಿಬಿಲಿಟಿಯಲ್ಲಿ ಮೋನೊ ಆಡಿಯೊ ಆನ್ ಮಾಡಿಕೊಳ್ಳಿ, ಇನ್ನೊಂದು ಕಡೆಯ ಧ್ವನಿ ತಪ್ಪಿಹೋಗುವುದಿಲ್ಲ. ರಸ್ತೆಯಲ್ಲಿ ನಡೆಯುವಾಗ ಮಾತ್ರ ಎರಡೂ ಕಿವಿ ತೆರೆದಿರಲಿ.

ಮಳೆಗಾಲದ ಆರೈಕೆ

ಘಟ್ಟದ ಮೇಲಿನವರಿಗೆ ಈ ಭಾಗ ಅಷ್ಟು ಬೇಕಾಗದು, ಕರಾವಳಿಯವರಿಗೆ ಬೇಕೇ ಬೇಕು. ಒಂದು ಕಡೆಯ ಸದ್ದು ಇದ್ದಕ್ಕಿದ್ದಂತೆ ಕುಗ್ಗಿದರೆ ನಳಿಕೆಯ ತುದಿಯ ಜಾಲರಿಯಲ್ಲಿ ತೇವ ಕೂತಿರುವುದೇ ಹೆಚ್ಚು. ಟಿಪ್ ತೆಗೆದು, ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ರಾತ್ರಿಯಿಡೀ ಇಡಿ. ಚಪ್ಪಲಿ, ಚೀಲ ಕೊಂಡಾಗ ಬರುವ ಪೊಟ್ಟಣಗಳನ್ನು ಎಸೆಯದೆ ಇಟ್ಟುಕೊಂಡರೆ ಅವೇ ಸಾಕು. ಬೆಳಿಗ್ಗೆಗೆ ಸದ್ದು ಬಹುತೇಕ ಮರಳಿರುತ್ತದೆ. ಜಾಲರಿಯಲ್ಲಿ ಗುಗ್ಗೆ ಇದ್ದರೆ ನಳಿಕೆಯನ್ನು ಕೆಳಮುಖವಾಗಿ ಹಿಡಿದು ಒಣ ಬ್ರಷ್ಷಿನಿಂದ ಉಜ್ಜಿ. ಸೂಜಿ ಹಾಕಬೇಡಿ, ಸ್ಪಿರಿಟ್ ಸುರಿಯಬೇಡಿ. ಟಿಪ್‌ಗಳನ್ನು ಕಳಚಿ ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಹಾಕಿ.

ಸ್ನಾನ ಮಾಡಿ ಬಂದ ಕೂಡಲೇ ಕಿವಿಗೆ ಹಾಕಿಕೊಳ್ಳಬೇಡಿ. ಒದ್ದೆ ಕಿವಿಯನ್ನು ಮುಚ್ಚಿಟ್ಟರೆ ಬಿಸಿ ಮತ್ತು ತೇವಕ್ಕೆ ಶಿಲೀಂಧ್ರ ಬೆಳೆಯುತ್ತದೆ, ಸೆಕೆ ಮತ್ತು ತೇವ ಹೆಚ್ಚಿರುವ ಊರುಗಳಲ್ಲಿ ಇದು ಸಾಮಾನ್ಯ ಕಾಯಿಲೆ. ತುರಿಕೆ, ನೋವು, ನೀರು ಸೋರುವುದು ಕಂಡರೆ ಇಯರ್‌ಫೋನ್ ಬದಿಗಿಟ್ಟು ಕಿವಿಯ ವೈದ್ಯರಿಗೆ ತೋರಿಸಿ. ಇನ್ನೊಬ್ಬರ ಇಯರ್‌ಫೋನನ್ನು ಟಿಪ್ ಬದಲಿಸದೆ ಹಾಕಿಕೊಳ್ಳಬೇಡಿ. ಇಬ್ಬರು ಒಟ್ಟಿಗೆ ಕೇಳಬೇಕೆಂದರೆ ನೂರಿನ್ನೂರು ರೂಪಾಯಿಗೆ ಸಿಗುವ 3.5 ಮಿಲಿಮೀಟರ್ ಸ್ಪ್ಲಿಟರ್ ತಂದು ಇಬ್ಬರೂ ತಮ್ಮ ತಮ್ಮದನ್ನು ಸಿಕ್ಕಿಸಿಕೊಳ್ಳಿ. ಸದ್ದು ತುಸು ತಗ್ಗಿದರೂ ಕೇಳಲು ತೊಂದರೆಯಾಗುವುದಿಲ್ಲ. ಆದರೆ ಎರಡು ಬೇರೆ ಮಾದರಿಯವಾದರೆ ಒಬ್ಬರಿಗೆ ಜೋರು, ಇನ್ನೊಬ್ಬರಿಗೆ ಮೆಲು ಆಗುತ್ತದೆ. ಯಾರಿಗೆ ಜೋರಾಗಿ ಕೇಳುತ್ತದೋ ಅವರ ಮಾತಿನಂತೆ ವಾಲ್ಯೂಮ್ ಇಡಿ.

ತಂತಿಯನ್ನು ಫೋನಿಗೆ ಬಿಗಿಯಾಗಿ ಸುತ್ತಬೇಡಿ, ನಾಲ್ಕು ಬೆರಳಿನ ಸುತ್ತ ಸಡಿಲವಾಗಿ ಸುತ್ತಿ ಅದೇ ಡಬ್ಬಿಯಲ್ಲಿಡಿ. ಜ್ಯಾಕನ್ನು ತೆಗೆಯುವಾಗ ತಂತಿ ಹಿಡಿದು ಎಳೆಯದೆ ಜ್ಯಾಕನ್ನೇ ಹಿಡಿಯಿರಿ. ಉಪ್ಪುಗಾಳಿಗೆ ಜ್ಯಾಕು ಮಂಕಾಗಿ ಕರಕರ ಸದ್ದು ಬಂದರೆ ಒಣ ಬಟ್ಟೆಯಿಂದ ಒರೆಸಿ, ಕೆಲವು ಬಾರಿ ತೂತಿನಲ್ಲಿ ತಿರುಗಿಸಿ. ತಂತಿ ಕಳಚಲು ಬಾರದ ಹಳೆಯ ಇಯರ್‌ಫೋನ್ ಇದ್ದು ಜ್ಯಾಕಿನ ಬುಡ ತುಂಡಾಗಿದ್ದರೆ ಮಂಗಳೂರಿನ ಹಂಪನಕಟ್ಟೆಯ ಸುತ್ತ ಮೊಬೈಲ್ ರಿಪೇರಿ ಮಾಡುವವರಲ್ಲಿ ವಿಚಾರಿಸಿ, ಬೆಂಗಳೂರಿನಲ್ಲಿರುವವರು ಎಸ್‌.ಪಿ. ರಸ್ತೆಗೆ ಹೋಗಿ. ಬೆಸುಗೆ ಹಾಕಿ ಹೊಸ ಜ್ಯಾಕ್ ಕೂರಿಸಬಹುದು. ಮೈಕ್ ಇರುವ ಇಯರ್‌ಫೋನಾದರೆ ನಾಲ್ಕು ಪಟ್ಟಿಯ ಜ್ಯಾಕನ್ನೇ ಹಾಕಿಸಬೇಕು. ಜ್ಯಾಕಿನ ಮೇಲೆ ಮೂರು ಕಪ್ಪು ಗೆರೆಗಳಿದ್ದರೆ ಅದು ನಾಲ್ಕು ಪಟ್ಟಿಯದ್ದು, ಎರಡೇ ಇದ್ದರೆ ಮೂರರದ್ದು. ಬೆಸುಗೆ ಹಾಕುವ ಮೊದಲು ಅದನ್ನು ನೀವೇ ಎಣಿಸಿ ನೋಡಿ.